ಪ್ಯಾಕೆಟ್ಟಿನ ಮೇಲಿನ ನಗು

ನನ್ನ ಮೇಜಿನ ಮೇಲೆ ಕಾಲು ಕೆಜಿ ಕಾಫಿಪುಡಿಯ ಪ್ಯಾಕೆಟ್ಟೊಂದಿದೆ. ಗೆಳತಿಯೊಬ್ಬಳು ಬೆಂಗಳೂರಿನ ಅಂಗಡಿಯಿಂದ ತಂದುಕೊಟ್ಟದ್ದು. ಮುಂದುಗಡೆ ಕೆಂಪು ಹಣ್ಣಿನ ಬುಟ್ಟಿ ಹಿಡಿದು ನಗುತ್ತಿರುವ ಹೆಂಗಸಿನ ಚಿತ್ರ. ಹಿಂದುಗಡೆ, ಈ ಕಾಫಿ ಕೊಂಡರೆ ಒಂದು ಬಡ ಕುಟುಂಬದ ಬದುಕಿಗೆ ನೀವು ನೆರವಾದಂತೆ ಎಂಬರ್ಥದ ನಾಲ್ಕು ಸಾಲು. ತೋಟ ಎಷ್ಟು ಎತ್ತರದಲ್ಲಿದೆ, ಯಾವ ಮರಗಳ ನೆರಳಿದೆ, ಬೀಜ ಯಾವ ದಿನ ಹುರಿದದ್ದು, ಗುಟುಕರಿಸಿದಾಗ ನಾಲಗೆಗೆ ಯಾವ ಹಣ್ಣಿನ ನೆನಪಾಗಬೇಕು ಎಂಬುದನ್ನೆಲ್ಲ ಬರೆದಿದ್ದಾರೆ. ಆ ಹೆಂಗಸಿಗೆ ಒಂದು ಕೆಜಿ ಹಣ್ಣು ಕುಯ್ದದ್ದಕ್ಕೆ ಎಷ್ಟು ಕೊಟ್ಟರು ಎಂಬುದು ಮಾತ್ರ ಎಲ್ಲೂ ಇಲ್ಲ.

ಈ ಪ್ಯಾಕೆಟ್ಟಿನ ಮೇಲೆ ಯಾವ ಅಂತರರಾಷ್ಟ್ರೀಯ ಮುದ್ರೆಯೂ ಇಲ್ಲ. ಆದರೆ ಅದರ ಭಾಷೆ ಯುರೋಪಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಮೂವತ್ತೈದು ವರ್ಷಗಳಿಂದ ಪಳಗಿದ ‘ನೈತಿಕ ಖರೀದಿ’ಯ ಭಾಷೆ. ಬಡ ದೇಶದ ರೈತನಿಗೆ, ನೇಕಾರನಿಗೆ, ದರ್ಜಿಗೆ ನ್ಯಾಯ ಸಿಗಬೇಕಾದರೆ ನಾವು ಸರಿಯಾದ ಪ್ಯಾಕೆಟ್ಟನ್ನು ಆರಿಸಬೇಕು, ನಾಲ್ಕು ಕಾಸು ಹೆಚ್ಚು ಕೊಡಬೇಕು ಎಂಬ ನಂಬಿಕೆ. ಈಗ ಆ ಭಾಷೆ ಬೆಂಗಳೂರು, ಮೈಸೂರಿನ ನಮ್ಮಂಥವರ ಮನೆಗಳಿಗೂ ಬಂದಿದೆ.

ನನ್ನ ತಕರಾರು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಇದರಿಂದ ಯಾರಿಗೂ ಏನೂ ಸಿಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಿ, ಆಮೇಲೆ ಅತಿ ಅಗ್ಗದ ಅಂಗಿ ಹುಡುಕಿಕೊಂಡು ಹೋಗುವ ನಮ್ಮ ಬಳಗದವರನ್ನು ಕಂಡರೂ ನನಗೆ ಆಗುವುದಿಲ್ಲ. ನನ್ನ ತಕರಾರು ಬೇರೆ. ಬೆಳೆಯುವವರು ಹಕ್ಕಿನಿಂದ ಕೇಳಿ ಪಡೆಯುತ್ತಿದ್ದದ್ದನ್ನು ಈ ನೈತಿಕ ಖರೀದಿ ಕೊಳ್ಳುವವರ ದೊಡ್ಡಗುಣವಾಗಿ ಬದಲಾಯಿಸಿಬಿಟ್ಟಿದೆ. ದೊಡ್ಡಗುಣಕ್ಕೆ ಯಾವಾಗ ಬೇಕಾದರೂ ರಜೆ ಹಾಕಬಹುದು.

ಕಾಫಿಯ ಕತೆಯನ್ನೇ ನೋಡಿ. 1988ರ ನವೆಂಬರಿನಲ್ಲಿ ನೆದರ್‌ಲೆಂಡ್ಸಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮುದ್ರೆ ಹೊತ್ತ ಕಾಫಿ ಮಾರಾಟಕ್ಕೆ ಬಂತು. ಮೆಕ್ಸಿಕೋದ ವಾಹಾಕಾ ಪ್ರಾಂತ್ಯದ ಬುಡಕಟ್ಟು ರೈತರ ಸಹಕಾರ ಸಂಘವೊಂದರ ಕಾಫಿ ಅದು. ಅವರ ನಡುವೆ ಬದುಕುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್ ಮತ್ತು ಅವರ ಜೊತೆಗಾರ ನಿಕೊ ರೋಜನ್ ಸೇರಿ ಮಾಡಿದ ಕೆಲಸ. ಹೆಸರು 1860ರ ಡಚ್ ಕಾದಂಬರಿಯೊಂದರ ನಾಯಕನದು. ಜಾವಾದಲ್ಲಿ ಡಚ್ಚರ ಆಳ್ವಿಕೆಯ ಕೆಳಗೆ ರೈತರು ಪಡುತ್ತಿದ್ದ ಪಾಡಿನ ವಿರುದ್ಧ ದನಿ ಎತ್ತಿದ ಅಧಿಕಾರಿ ಅವನು. ಇಂದಿನ ಫೇರ್‌ಟ್ರೇಡ್ ಮುದ್ರೆಯ ಬೇರು ಅಲ್ಲಿದೆ. ಇಷ್ಟನ್ನು ಎಲ್ಲ ಪ್ರಚಾರ ಪತ್ರಗಳೂ ಹೇಳುತ್ತವೆ.

ಅವು ಹೇಳದ ಇನ್ನೊಂದು ತಾರೀಖಿದೆ: 1989ರ ಜುಲೈ. ಮುದ್ರೆ ಹುಟ್ಟಿ ಎಂಟು ತಿಂಗಳಾಗುವಷ್ಟರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಕುಸಿಯಿತು. 1962ರಲ್ಲಿ ಆದ ಒಪ್ಪಂದ ಅದು. ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಕೂತು, ಯಾರು ಎಷ್ಟು ರಫ್ತು ಮಾಡಬೇಕೆಂಬ ಪಾಲು ನಿಗದಿ ಮಾಡಿಕೊಳ್ಳುತ್ತಿದ್ದವು. ಬೆಲೆ ಬಿದ್ದರೆ ಪಾಲು ಬಿಗಿ, ಏರಿದರೆ ಸಡಿಲ. ಎಂಬತ್ತರ ದಶಕದಲ್ಲಿ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, 1 ಡಾಲರ್ 20 ಸೆಂಟಿನಿಂದ 1 ಡಾಲರ್ 40 ಸೆಂಟಿನ ನಡುವೆ ಬೆಲೆ ನಿಲ್ಲಿಸುವುದು ಅದರ ಗುರಿಯಾಗಿತ್ತು. ಅಮೆರಿಕ ಇದಕ್ಕೆ ಸೇರಿದ್ದು ಕರುಣೆಯಿಂದಲ್ಲ. ಕಾಫಿ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ರೈತರು ಕಮ್ಯುನಿಸ್ಟರಾಗುತ್ತಾರೆಂಬ ಭಯದಿಂದ. ಶೀತಲ ಸಮರ ತಣ್ಣಗಾಗುತ್ತಿದ್ದಂತೆ ಆ ಭಯ ಹೋಯಿತು, ಅದರ ಜೊತೆ ಒಪ್ಪಂದವೂ ಹೋಯಿತು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು.

ದೇಶಗಳ ನಡುವಿನ ಒಪ್ಪಂದವಾಗಿದ್ದದ್ದು ಹೀಗೆ ಅಂಗಡಿಯ ಕಪಾಟಿನ ಮೇಲಿನ ಆಯ್ಕೆಯಾಯಿತು. ಒಪ್ಪಂದ ಇದ್ದಾಗ ಆಮ್‌ಸ್ಟರ್‌ಡ್ಯಾಮಿನ ಕಡುಲೋಭಿ ಕುಡಿಯುವ ಕಾಫಿಗೂ ಅದೇ ನೆಲೆಬೆಲೆ ಅನ್ವಯಿಸುತ್ತಿತ್ತು. ಆಮೇಲೆ ಪುಣ್ಯಾತ್ಮರು ಕುಡಿಯುವ ಕಾಫಿಗೆ ಮಾತ್ರ.

ಇದು ನಮಗೆ ದೂರದ ಕತೆಯೇನಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ತೊಂಬತ್ತರ ದಶಕದ ಶುರುವಿನವರೆಗೂ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡಲೇಬೇಕಿತ್ತು. ಆ ಪದ್ಧತಿ ಚಿನ್ನದಂತಿತ್ತು ಎಂದು ಹೇಳಿದರೆ ಮಲೆನಾಡಿನ ಹಿರಿಯರು ನಕ್ಕಾರು. ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. ಮುಕ್ತ ಮಾರಾಟ ಬೇಕೆಂದು ಬೆಳೆಗಾರರೇ ಹೋರಾಡಿದರು, ತೊಂಬತ್ತರ ನಡುವಿಗೆ ಅದು ಪೂರ್ತಿಯಾಗಿ ಸಿಕ್ಕಿತು. ಅದೇ ಹೊತ್ತಿಗೆ 1994ರಲ್ಲಿ ಬ್ರೆಜಿಲ್ಲಿನ ತೋಟಗಳಿಗೆ ಹಿಮ ಬಿದ್ದು ಬೆಲೆ ಏರಿದ್ದರಿಂದ, ಮಾರುಕಟ್ಟೆ ಎಂದರೆ ಕಾಮಧೇನು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 2001ರಲ್ಲಿ ಜಾಗತಿಕ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಹೋದಾಗ, ಹಿಡಿದುಕೊಳ್ಳಲು ಅತ್ತ ಒಪ್ಪಂದವೂ ಇರಲಿಲ್ಲ, ಇತ್ತ ಪೂಲೂ ಇರಲಿಲ್ಲ.

ಆ ವರ್ಷ ಮುದ್ರೆಯ ಕಾಫಿ ಮಾರಿದ ಸಹಕಾರ ಸಂಘಗಳಿಗೆ ಪೌಂಡಿಗೆ 1 ಡಾಲರ್ 26 ಸೆಂಟ್ ಸಿಕ್ಕಿತು, ಪ್ರೀಮಿಯಂ ಸೇರಿ. ಮಾರುಕಟ್ಟೆಯ ಎರಡೂವರೆ ಪಟ್ಟಿಗಿಂತ ಹೆಚ್ಚು. ನೈತಿಕ ಖರೀದಿಯೆಂದರೆ ಬರೀ ನಾಟಕ ಎನ್ನುವವರು ಈ ಲೆಕ್ಕದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಸಂಕಟದ ವರ್ಷದಲ್ಲಿ ತೋಟ ಮಾರದೆ ಉಳಿದವರಿಗೆ ಅದು ನಾಟಕವಾಗಿರಲಿಲ್ಲ. ಆದರೆ ಪ್ರಮಾಣಪತ್ರ ಇದ್ದ ಸಂಘಗಳೂ ತಮ್ಮ ಬೆಳೆಯ ಒಂದು ಭಾಗವನ್ನಷ್ಟೇ ಆ ಬೆಲೆಗೆ ಮಾರಲು ಸಾಧ್ಯ. ಕೊಳ್ಳುವ ಪುಣ್ಯಾತ್ಮರು ಅಷ್ಟಿಲ್ಲ. ಉಳಿದದ್ದು ಮಾಮೂಲಿ ಬೆಲೆಗೆ, ಮಾಮೂಲಿ ವ್ಯಾಪಾರಿಗೆ. ಪ್ರಮಾಣಪತ್ರದ ಖರ್ಚು ಮಾತ್ರ ಪೂರ್ತಿ. ಇನ್ನು ಆ ನೆಲೆಬೆಲೆಯೂ 2011ರಲ್ಲಿ 1 ಡಾಲರ್ 40 ಸೆಂಟಿಗೆ ಏರಿದ್ದು ಹನ್ನೆರಡು ವರ್ಷ ಕದಲಲಿಲ್ಲ. 1 ಡಾಲರ್ 80 ಸೆಂಟ್ ಆದದ್ದು 2023ರಲ್ಲಿ. ಅಷ್ಟರಲ್ಲಿ ಗೊಬ್ಬರದ ಬೆಲೆ ಎಲ್ಲಿಗೆ ಹೋಗಿತ್ತೆಂದು ಯಾವ ರೈತನನ್ನಾದರೂ ಕೇಳಿ.

ರಜೆ ಹಾಕುವುದರ ಬಗ್ಗೆ ಹೇಳಿದೆನಲ್ಲ. 2017ರಲ್ಲಿ ಬ್ರಿಟನ್ನಿನ ಸೇನ್ಸ್‌ಬರೀಸ್ ಎಂಬ ದೊಡ್ಡ ಅಂಗಡಿ ಸರಪಳಿ ತನ್ನದೇ ಬ್ರಾಂಡಿನ ಚಹಾದ ಮೇಲಿನ ಫೇರ್‌ಟ್ರೇಡ್ ಮುದ್ರೆ ತೆಗೆದು, ಹೆಚ್ಚುಕಡಿಮೆ ಅದೇ ದನಿಯ ‘ಫೇರ್ಲಿ ಟ್ರೇಡೆಡ್’ ಎಂಬ ಸ್ವಂತ ಹೆಸರು ಹಾಕಿತು. ಹಣ ಕಡಿಮೆ ಮಾಡುವುದಿಲ್ಲ ಎಂದಿತು. ಆದರೆ ಪ್ರೀಮಿಯಂ ಹಣವನ್ನು ಯಾತಕ್ಕೆ ಬಳಸಬೇಕೆಂದು ಅದುವರೆಗೆ ಆಫ್ರಿಕಾದ ಬೆಳೆಗಾರರು ತಾವೇ ತೀರ್ಮಾನಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಆ ಹಣ ಕಂಪನಿಯ ಪ್ರತಿಷ್ಠಾನದ ಕೈಯಲ್ಲಿ. ಬೆಳೆಗಾರರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಮೂರು ವರ್ಷದ ನಂತರ ಬ್ರಿಟನ್ನಿನಲ್ಲಿ ಕಿಟ್‌ಕ್ಯಾಟ್ ಕೂಡ ಹತ್ತು ವರ್ಷದ ಮುದ್ರೆಯನ್ನು ಕಳಚಿ ಬೇರೊಂದು ಪ್ರಮಾಣಪತ್ರ ಹಚ್ಚಿಕೊಂಡಿತು. ಐವರಿ ಕೋಸ್ಟಿನ ಕೋಕೋ ಸಂಘಗಳ ಮೊರೆಗೂ ಅದೇ ಗತಿ. ಸ್ವಇಚ್ಛೆಯಿಂದ ಹಾಕಿದ ಮುದ್ರೆಯನ್ನು ಸ್ವಇಚ್ಛೆಯಿಂದಲೇ ತೆಗೆಯಬಹುದು; ಕೇಳುವ ಕೋರ್ಟಿಲ್ಲ. ಚಾಕೊಲೇಟ್ ಕೊಳ್ಳುವ ಮಗುವಿಗೆ ವ್ಯತ್ಯಾಸ ಗೊತ್ತಾಗುವುದೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ‘ಉತ್ಪಾದಕ’ ಅಂದರೆ ಯಾರು? ಪ್ಯಾಕೆಟ್ಟಿನ ಭಾಷೆಯಲ್ಲಿ ಅವನೊಬ್ಬ ಸಣ್ಣ ಹಿಡುವಳಿದಾರ, ಜೊತೆಗೆ ಹೆಂಡತಿ, ಮಕ್ಕಳು. ಕಾಫಿ ಹಣ್ಣು ಕುಯ್ಯುವವರು ಯಾರೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕುಯ್ಲಿನ ಕಾಲದಲ್ಲಿ ಕೊಡಗಿನ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ ಬಂದವರಿದ್ದಾರೆ. ಆಫ್ರಿಕಾದ ಸಂಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಕ್ರೇಮರ್ ಮತ್ತವರ ತಂಡ ಇಥಿಯೋಪಿಯಾ, ಉಗಾಂಡಗಳಲ್ಲಿ ನಾಲ್ಕು ವರ್ಷ ಕೆಲಸ ಮಾಡಿ 2014ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಫೇರ್‌ಟ್ರೇಡ್ ಸಂಘಗಳಿದ್ದ ಕಡೆಯ ಕೂಲಿಕಾರರಿಗೆ ಬೇರೆ ಕಡೆಯವರಿಗಿಂತ ಸಂಬಳವೂ ಕಡಿಮೆ, ಸೌಕರ್ಯವೂ ಕಡಿಮೆ. ಒಂದು ಚಹಾ ಸಹಕಾರ ಸಂಘದಲ್ಲಿ ಪ್ರೀಮಿಯಂ ಹಣದಿಂದ ಕಟ್ಟಿಸಿದ ಹೊಸ ಶೌಚಾಲಯವನ್ನು ಬಳಸುತ್ತಿದ್ದವರು ಮೇಲಿನ ಅಧಿಕಾರಿಗಳು ಮಾತ್ರ ಎಂದೂ ಸಂಶೋಧಕರು ಹೇಳಿದರು. ಸಣ್ಣ ರೈತರನ್ನು ದೊಡ್ಡ ಎಸ್ಟೇಟುಗಳ ಜೊತೆ ಹೋಲಿಸಿದ್ದು ಸರಿಯಲ್ಲವೆಂದು ಫೇರ್‌ಟ್ರೇಡ್‌ನವರು ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಎರಡು ಎಕರೆಯವನು ಇನ್ನೂರು ಎಕರೆಯವನಷ್ಟು ಕೂಲಿ ಕೊಡಲಾರ. ಆದರೆ ಅದರ ಅರ್ಥವೇನಾಯಿತು? ಬಡತನದ ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಂತವಳು ಈ ವ್ಯವಸ್ಥೆಯ ಲೆಕ್ಕಕ್ಕೇ ಬಂದಿರಲಿಲ್ಲ. ಹಾಗಿದ್ದೂ ಪ್ಯಾಕೆಟ್ಟಿನ ಮೇಲೆ ನಗುವುದಕ್ಕೆ ಅವಳೇ ಬೇಕು.

ಕಾಫಿ ತೋಟದಿಂದ ಬಟ್ಟೆ ಕಾರ್ಖಾನೆಗೆ ಬಂದರೆ ಮುದ್ರೆಯ ಸೋಲು ಬರೀ ಲೆಕ್ಕದ ಮಾತಾಗಿ ಉಳಿಯುವುದಿಲ್ಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ ಕಾರ್ಖಾನೆಗೆ 2012ರ ಆಗಸ್ಟಿನಲ್ಲಿ ಎಸ್‌ಎ 8000 ಎಂಬ ಪ್ರಮಾಣಪತ್ರ ಸಿಕ್ಕಿತ್ತು. ಕಾರ್ಮಿಕರ ಸುರಕ್ಷತೆ, ಕೆಲಸದ ವಾತಾವರಣ ಎಲ್ಲವೂ ಸರಿಯಾಗಿದೆ ಎಂದು ಹೇಳುವ ಪತ್ರ ಅದು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಸತ್ತವರು 250ಕ್ಕೂ ಹೆಚ್ಚು. ಮುಂದಿನ ವರ್ಷ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಆ ಕಟ್ಟಡದ ಕಾರ್ಖಾನೆಗಳಲ್ಲೂ ಆಡಿಟ್ ನಡೆದಿತ್ತು. ಆಡಿಟ್ ಮಾಡುವವರಿಗೆ ಹಣ ಕೊಡುವುದು ಯಾರು? ಕಾರ್ಖಾನೆ, ಇಲ್ಲವೇ ಬ್ರಾಂಡು. ಪರೀಕ್ಷೆ ಬರೆಯುವವನೇ ಪರೀಕ್ಷಕನಿಗೆ ಸಂಬಳ ಕೊಟ್ಟ ಹಾಗೆ.

ರಾಣಾ ಪ್ಲಾಜಾದ ನಂತರ ಬಾಂಗ್ಲಾದೇಶದಲ್ಲಿ ಬೇರೊಂದು ದಾರಿ ತೆರೆಯಿತು. 2013ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಟನೆಗಳೂ ಬ್ರಾಂಡುಗಳೂ ಸಹಿ ಹಾಕಿದ ‘ಅಕಾರ್ಡ್’ ಮುದ್ರೆಯಾಗಿರಲಿಲ್ಲ, ಕರಾರಾಗಿತ್ತು. ಸಹಿ ಹಾಕಿದ ಬ್ರಾಂಡು ಮಾತು ತಪ್ಪಿದರೆ ಕಾರ್ಮಿಕ ಸಂಘಟನೆ ಅದನ್ನು ಪಂಚಾಯ್ತಿಗೆ ಎಳೆಯಬಹುದು. ಎಳೆದವು ಕೂಡ. ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದ ಎರಡು ಪ್ರಕರಣಗಳಲ್ಲಿ ಒಂದು, ಬ್ರಾಂಡು 20 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ರಾಜಿಯಾಗುವುದರೊಂದಿಗೆ ಮುಗಿಯಿತು. ಸಾವಿರಾರು ಬಾಗಿಲುಗಳ ಬೀಗ ತೆಗೆಸಿದ್ದು, ಕಂಬಗಳನ್ನು ಬಲಪಡಿಸಿದ್ದು ಈ ಕರಾರು. ಅಂಗಡಿಯಲ್ಲಿ ಅಂಗಿಯ ಲೇಬಲ್ಲು ತಿರುವಿ ಓದುವ ಯಾರಿಗೂ ಅದರ ಸುಳಿವು ಕಾಣುವುದಿಲ್ಲ.

ಬೆಂಗಳೂರಿನಲ್ಲೇ ಇದರ ಪಾಠವಿದೆ. 2020ರ ಏಪ್ರಿಲಿನಲ್ಲಿ ಜಾರಿಗೆ ಬರಬೇಕಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ 417 ರೂಪಾಯಿ. ಜಗತ್ತಿನ ದೊಡ್ಡ ದೊಡ್ಡ ಬ್ರಾಂಡುಗಳಿಗೆ ಹೊಲಿಯುವ ಕರ್ನಾಟಕದ ಗಾರ್ಮೆಂಟ್ ಕಾರ್ಖಾನೆಗಳು ಅದನ್ನು ಕೊಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಕೊಡಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರು, ಬಹುಪಾಲು ಹೆಂಗಸರು. ಆ ಹೊತ್ತಿಗೆ ಈ ಬ್ರಾಂಡುಗಳ ವೆಬ್‌ಸೈಟುಗಳಲ್ಲಿ ಕನಿಷ್ಠ ಕೂಲಿಯ ಬಗ್ಗೆ ನೀತಿಸಂಹಿತೆಗಳು ನೀಟಾಗಿ ಕೂತಿದ್ದವು. ಗಾರ್ಮೆಂಟ್ ಕಾರ್ಮಿಕರ ಸಂಘಟನೆಗಳು ಬಿಡದೆ ಲೆಕ್ಕ ಇಟ್ಟವು. ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಬ್ರಾಂಡುಗಳನ್ನು ಹೆಸರು ಹಿಡಿದು ಕೇಳಿತು. 2022ರ ಆರಂಭದಲ್ಲಿ ಬಾಕಿ ಕೊಡಲು ಕಾರ್ಖಾನೆಗಳು ಒಪ್ಪಿದವು. ಇಲ್ಲಿ ಹೊರದೇಶದ ಕೊಳ್ಳುವವರ ಒತ್ತಡ ಕೆಲಸ ಮಾಡಿತು, ಒಪ್ಪುತ್ತೇನೆ. ಆದರೆ ಅದು ಕೆಲಸ ಮಾಡಿದ್ದು ಮುದ್ರೆಯ ಮೂಲಕ ಅಲ್ಲ. 417 ಎಂಬ ಒಂದು ಖಚಿತವಾದ ಅಂಕಿಯನ್ನು ಕೈಯಲ್ಲಿ ಹಿಡಿದು, ಇಲ್ಲಿನ ಹೆಂಗಸರು ಮೊದಲು ಕೇಳಿದ್ದರಿಂದ. ಅವರಿಗೆ ಕೇಳುವ ಅಭ್ಯಾಸವೂ ಹೊಸದಲ್ಲ. 2016ರ ಏಪ್ರಿಲಿನಲ್ಲಿ ಪಿಎಫ್ ಹಣ ಹಿಂತೆಗೆಯುವ ನಿಯಮ ಬದಲಾದಾಗ ಇದೇ ಹೆಂಗಸರು ಯಾವ ನಾಯಕನಿಗೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸು ಪಡೆಯಿತು.

‘ಸರಿ, ಅವರು ಹೋರಾಡಲಿ. ಅಂಗಡಿಗೆ ಹೋಗುವ ನಾನೇನು ಮಾಡಲಿ?’ ಎಂದು ಆ ಕಾಫಿ ತಂದ ಗೆಳತಿಯೇ ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಇನ್ನೂರು ವರ್ಷ ಹಿಂದೆ ಹೋಗಬೇಕು.

1791ರ ಸುಮಾರಿಗೆ ಬ್ರಿಟನ್ನಿನ ಲಕ್ಷಾಂತರ ಜನ ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟರು. ಅದು ಗುಲಾಮರು ಬೆಳೆದದ್ದೆಂದು. 1820ರ ದಶಕದಲ್ಲಿ ಆ ಬಹಿಷ್ಕಾರ ಮತ್ತೆ ಜೀವ ಪಡೆದಾಗ ಅಲ್ಲಿನ ಮನೆಗಳಿಗೆ ಚಂದದ ಸಕ್ಕರೆ ಬಟ್ಟಲುಗಳು ಬಂದವು. ಒಳಗಿರುವುದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂದು ಅವುಗಳ ಮೇಲೆ ಬರೆದಿರುತ್ತಿತ್ತು. ಇವತ್ತಿನ ಮುದ್ರೆಗಳ ಮುತ್ತಜ್ಜಿ ಅದು. ಆ ನಿರ್ಮಲ ಸಕ್ಕರೆ ಹೋಗುತ್ತಿದ್ದದ್ದು ಎಲ್ಲಿಂದ? ಕಂಪನಿ ಸರ್ಕಾರದ ನಮ್ಮ ದೇಶದಿಂದ. ಇಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ! ಬಟ್ಟಲು ನೋಡಿ ನೆಮ್ಮದಿಯಾದವರಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಾಗುವ ಅಗತ್ಯ ಕಾಣಲಿಲ್ಲ. ಕೊನೆಗೆ ಗುಲಾಮಗಿರಿ ನಿಂತದ್ದಾದರೂ ಹೇಗೆ? 1831ರ ಕೊನೆಯಲ್ಲಿ ಜಮೈಕಾದ ಗುಲಾಮರು ದಂಗೆ ಎದ್ದರು, 1833ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿತು. ಎರಡು ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಖಾಲಿಯಾದ ಕಬ್ಬಿನ ಗದ್ದೆಗಳಿಗೆ ಕರಾರಿನ ಮೇಲೆ ಹಡಗು ಹತ್ತಿಸಿದ್ದು ನಮ್ಮ ಜನರನ್ನು.

ಆದರೂ ಆ ಬಹಿಷ್ಕಾರವನ್ನು ನಾನು ಹಗುರವಾಗಿ ನೋಡಲಾರೆ. ಅದನ್ನು ಮನೆಮನೆಗೆ ಒಯ್ದವರು ಹೆಂಗಸರು. ಅವರಿಗೆ ಮತ ಇರಲಿಲ್ಲ, ಪಾರ್ಲಿಮೆಂಟಿನಲ್ಲಿ ದನಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಅಡುಗೆಮನೆಯ ಲೆಕ್ಕ ಮಾತ್ರ. ಲೆಸ್ಟರ್ ನಗರದ ಎಲಿಜಬೆತ್ ಹೇರಿಕ್ ಅಂಗಡಿ ಅಂಗಡಿಗೆ ಹೋಗಿ ಸಕ್ಕರೆ ಬಿಡಿಸುತ್ತಲೇ, 1824ರಲ್ಲಿ, ಗುಲಾಮಗಿರಿ ಹಂತಹಂತವಾಗಿ ಅಲ್ಲ, ತಕ್ಷಣ ನಿಲ್ಲಬೇಕೆಂದು ಕರಪತ್ರ ಬರೆದಳು. ಆಗಿನ ಗಂಡಸು ನಾಯಕರು ಅಷ್ಟು ದೂರ ಹೋಗಲು ತಯಾರಿರಲಿಲ್ಲ. ಸಕ್ಕರೆ ಬಿಡುವುದು ಅವಳಿಗೆ ಕೆಲಸದ ಶುರು. ಮತವೂ ದನಿಯೂ ಇರುವ ನಮಗೆ, ಪ್ಯಾಕೆಟ್ ಬದಲಾಯಿಸಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ತಿಳಿದಿಲ್ಲ. ಕಾಡು ಕಡಿದು ಬೆಳೆದ ಕಾಫಿ ಬೇಡವೆಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾಯ್ದೆ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂದು ತೋರಿಸಲು ಪ್ರತಿ ತೋಟದ ಅಕ್ಷಾಂಶ ರೇಖಾಂಶ ಬೇಕು. ಜಾರಿ ಮತ್ತೆ ಮತ್ತೆ ಮುಂದೆ ಹೋಗಿದೆ, ಆದರೆ ಅದಕ್ಕಾಗಿ ನಮ್ಮ ಕಾಫಿ ಮಂಡಳಿ ಬೆಳೆಗಾರರ ನೋಂದಣಿ ಶುರುಮಾಡಿಯಾಗಿದೆ. ಕಾಡು ಉಳಿಯಬೇಕು, ಅನುಮಾನವಿಲ್ಲ. ಆದರೆ ಮೂರು ಎಕರೆಯವನು ತಾನು ಪ್ರಾಮಾಣಿಕನೆಂದು ಉಪಗ್ರಹದ ಮುಂದೆ ಸಾಬೀತು ಮಾಡಬೇಕು. ಅವನ ಕಾಫಿಗೆ ಏನು ಬೆಲೆ ಕೊಟ್ಟೆವೆಂದು ಕೊಳ್ಳುವ ಕಂಪನಿ ಯಾರ ಮುಂದೆಯೂ ಹೇಳಬೇಕಾಗಿಲ್ಲ. ಕಾಯ್ದೆಯಾದಾಗಲೂ ಲೆಕ್ಕ ಒಪ್ಪಿಸುವ ಕೆಲಸ ಬಡವನ ಪಾಲಿಗೇ ಬಂತು.

ಹಾಗಾಗಿ ಗೆಳತಿಗೆ ನಾನು ಹೇಳಿದ್ದು ಇಷ್ಟೇ. ಕೊಳ್ಳುವುದಾದರೆ ಕೊಳ್ಳು, ಪುಡಿ ಚೆನ್ನಾಗಿದೆ. ಹಣ ಕೊಟ್ಟು ಸುಮ್ಮನಾಗಬೇಡ, ಲೆಕ್ಕ ಕೇಳು. ರೈತನಿಗೆ ಎಷ್ಟು, ಕುಯ್ದವಳಿಗೆ ಎಷ್ಟು, ಕೊಡದಿದ್ದರೆ ಅವರು ಎಲ್ಲಿಗೆ ಹೋಗಿ ಕೇಳಬಹುದು, ಅವರಿಗೆ ಸಂಘ ಕಟ್ಟಲು ಬಿಡುತ್ತೀರಾ.

ಅವಳಿಗೆ ಹೇಳಿ ನಾನು ಸುಮ್ಮನಿರಲಾಗದೆ, ಪ್ಯಾಕೆಟ್ಟಿನ ಹಿಂದಿದ್ದ ವಿಳಾಸಕ್ಕೆ ಈ ನಾಲ್ಕೂ ಪ್ರಶ್ನೆಗಳನ್ನು ಬರೆದು ಮೇಲ್ ಮಾಡಿದೆ. ಎರಡೇ ದಿನದಲ್ಲಿ ಉತ್ತರ ಬಂತು. ನನ್ನ ಕಾಳಜಿಗೆ ಧನ್ಯವಾದ, ತೋಟದ ಪಕ್ಕದ ಶಾಲೆಯ ಮಕ್ಕಳಿಗೆ ಬ್ಯಾಗು ಹಂಚಿದ ಫೋಟೊ, ಮುಂದಿನ ಖರೀದಿಗೆ ಶೇಕಡ 10 ರಿಯಾಯಿತಿಯ ಕೂಪನ್. ಕುಯ್ದವಳಿಗೆ ಎಷ್ಟು ಎಂದು ಮತ್ತೆ ಬರೆದೆ. ಮೂರು ವಾರವಾಯಿತು. ಕೂಪನ್ನಿನ ಅವಧಿ ಈ ಭಾನುವಾರಕ್ಕೆ ಮುಗಿಯುತ್ತದೆ ಎಂದು ಇವತ್ತು ಬೆಳಿಗ್ಗೆ ನೆನಪಿಸಿದ್ದಾರೆ.